ಚಿಕಿತ್ಸೆಯ ವೇಳೆ ವೈದ್ಯರಿಗೆ ನೆರವಾಗುವ ತಂತ್ರಜ್ಞರು: ಲೋಪವಾದಾಗ ಹೊಣೆ ಯಾರದು?

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವೈದ್ಯರೊಬ್ಬರೇ ಇರುವುದಿಲ್ಲ. ಅರಿವಳಿಕೆ ಯಂತ್ರವನ್ನು ಸಿದ್ಧಪಡಿಸುವ ತಂತ್ರಜ್ಞರು, ಉಪಕರಣ ಹಾಗೂ ಬಟ್ಟೆಗಳನ್ನು ಎಣಿಸಿಡುವ ಶುಶ್ರೂಷಕರು ಜೊತೆಗಿರುತ್ತಾರೆ. ಅನಾಹುತ ಸಂಭವಿಸಿದಾಗ "ಅದು ಸಹಾಯಕರ ತಪ್ಪು" ಎಂಬ ಉತ್ತರ ಕುಟುಂಬದವರಿಗೆ ದೊರೆಯುವುದುಂಟು. ಆದರೆ ಆ ಉತ್ತರದಿಂದ ವೈದ್ಯರಾಗಲಿ ಆಸ್ಪತ್ರೆಯಾಗಲಿ ಹೊಣೆಯಿಂದ ಮುಕ್ತರಾಗುವುದಿಲ್ಲ.

1. ಸಂಸ್ಥೆಯ ಹೊಣೆ
1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ಬಾಣಂತಿಯೊಬ್ಬರ ಹೊಟ್ಟೆಯೊಳಗೆ ಒರೆಸುವ ಬಟ್ಟೆ ಉಳಿದುಹೋಯಿತು, ಆಕೆ ಬದುಕಲಿಲ್ಲ. ತನ್ನ ನೌಕರರ ನಿರ್ಲಕ್ಷ್ಯಕ್ಕೆ ರಾಜ್ಯ ಸರ್ಕಾರವೇ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪು ನೀಡಿತು. ಖಾಸಗಿ ಆಸ್ಪತ್ರೆಗೂ ಇದೇ ತತ್ತ್ವ ಅನ್ವಯಿಸುತ್ತದೆ.

2. ವೈದ್ಯರ ಹೊಣೆ
ಕೆಲಸವನ್ನು ಒಪ್ಪಿಸಬಹುದು; ಮೇಲ್ವಿಚಾರಣೆಯ ಹೊಣೆಯನ್ನು ಒಪ್ಪಿಸಲಾಗದು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಪ್ರಕರಣವೊಂದರಲ್ಲಿ, ವೈದ್ಯರೇ ನೀಡಬೇಕಾಗಿದ್ದ ಚುಚ್ಚುಮದ್ದನ್ನು ಅರ್ಹತೆಯಿಲ್ಲದ ಶುಶ್ರೂಷಕಿಯಿಂದ ಕೊಡಿಸಲಾಗಿತ್ತು. ಮಗುವಿನ ಮೆದುಳಿಗೆ ಶಾಶ್ವತ ಹಾನಿಯಾಯಿತು. ಆಸ್ಪತ್ರೆಯು ಪರಿಹಾರ ನೀಡಬೇಕಾಯಿತು.

3. ತಂತ್ರಜ್ಞರ ಹೊಣೆ
ತಂತ್ರಜ್ಞರೂ ತಮ್ಮ ಲೋಪಕ್ಕೆ ಸ್ವತಃ ಉತ್ತರದಾಯಿಗಳು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷದವರೆಗೆ ಶಿಕ್ಷೆಯಿದೆ. ಚಿಕಿತ್ಸೆ ನಡೆಸುವಾಗ ಸಂಭವಿಸಿದ ಸಾವಿಗೆ ನೋಂದಾಯಿತ ವೈದ್ಯರಿಗೆ ಮಾತ್ರ ಈ ಮಿತಿ 2 ವರ್ಷ. ವೈದ್ಯರ ನೋಂದಣಿಯಿಲ್ಲದ ತಂತ್ರಜ್ಞರಿಗೆ ಈ ರಿಯಾಯಿತಿ ದೊರೆಯದು. ಹೀಗಾಗಿ ತಮ್ಮ ಅರ್ಹತೆಗೆ ಮೀರಿದ ಕೆಲಸವನ್ನು ಒಪ್ಪಿಕೊಳ್ಳದಿರುವುದು ಅವರ ರಕ್ಷಣೆಗೂ ಅವಶ್ಯ.

4. ಗಮನಿಸಬೇಕಾದ ವ್ಯತ್ಯಾಸ
ಪ್ರತಿಯೊಂದು ಸಾವೂ ಅಪರಾಧವಲ್ಲ. ವೈದ್ಯರ ವಿರುದ್ಧ ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಕಂಡುಬರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಸ್ಪಷ್ಟಪಡಿಸಿದೆ. ಪರಿಹಾರದ ದಾವೆಗೆ ಅಷ್ಟು ಕಠಿಣ ಪುರಾವೆ ಬೇಕಿಲ್ಲ.

5. ಸದಸ್ಯರು ಮಾಡಬೇಕಾದುದು
(ಅ) ಗ್ರಾಮದ ಕುಟುಂಬವೊಂದು ಇಂತಹ ಸಂಕಷ್ಟಕ್ಕೆ ಸಿಲುಕಿದಾಗ, ಮೊದಲು ಚಿಕಿತ್ಸಾ ದಾಖಲೆಗಳನ್ನು ಲಿಖಿತವಾಗಿ ಕೋರುವಂತೆ ತಿಳಿಸುವುದು. ಕೋರಿದ 72 ಗಂಟೆಗಳೊಳಗೆ ವೈದ್ಯರು ಅವುಗಳನ್ನು ಒದಗಿಸತಕ್ಕದ್ದು. ಯಾರು ಏನು ಮಾಡಿದರೆಂಬುದು ದಾಖಲೆಗಳಿಂದಲೇ ತಿಳಿಯಬೇಕು.
(ಆ) ಶುಲ್ಕ ಪಡೆದ ಆಸ್ಪತ್ರೆಯ ವಿರುದ್ಧ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ನೀಡಬಹುದು. ಎಲ್ಲರಿಗೂ ಉಚಿತ ಸೇವೆ ನೀಡುವ ಸರ್ಕಾರಿ ಆಸ್ಪತ್ರೆಯಾದರೆ ಸಿವಿಲ್ ನ್ಯಾಯಾಲಯವೇ ಮಾರ್ಗ.
(ಇ) ವಕೀಲರ ಶುಲ್ಕ ಭರಿಸಲಾಗದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ತೋರಿಸಿಕೊಡುವುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.
(ಈ) ಆಸ್ಪತ್ರೆಯ ಮುಂದೆ ಜನ ಸೇರಿ ಗಲಾಟೆಯಾಗದಂತೆ ನೋಡಿಕೊಳ್ಳುವುದು.

ಔರಂಗಾಬಾದಿನ ಕುಟುಂಬಕ್ಕೆ ಅಂತಿಮ ತೀರ್ಪು ದೊರೆತದ್ದು 33 ವರ್ಷಗಳ ಬಳಿಕ. ಮೊದಲ ವಾರದಲ್ಲೇ ದಾಖಲೆಗಳು ಕೈಸೇರಿದರೆ ಮುಂದಿನ ದಾರಿ ಸುಗಮವಾಗುತ್ತದೆ. ಆ ವಾರದಲ್ಲಿ ಕುಟುಂಬದವರಿಗೆ ಸಮೀಪವಿರುವವರು ಗ್ರಾಮ ಪಂಚಾಯಿತಿ ಸದಸ್ಯರೇ.