ಅಂತೇವಾಸಿ: ವಿದ್ಯಾರ್ಥಿ ಜೀವನದ ಸಮಾಜಶಾಸ್ತ್ರೀಯ ಅಭ್ಯಾಸವನ್ನು ಕುರಿತು

ವಿದ್ಯೆಯನ್ನು ಬಯಸಿ ಬಂದವನು 'ವಿದ್ಯಾರ್ಥಿ'. ಈ ಹೆಸರು ಅವನ ಉದ್ದೇಶವನ್ನಷ್ಟೇ ಸೂಚಿಸುತ್ತದೆ. ಆದರೆ ನಮ್ಮ ಹಿಂದಿನವರು ಅವನನ್ನು ಬೇರೆ ಹೆಸರುಗಳಿಂದಲೂ ಕರೆದಿದ್ದಾರೆ. ಗುರುವಿನ ಸಮೀಪದಲ್ಲಿ ವಾಸಮಾಡುವವನು 'ಅಂತೇವಾಸಿ'. ಒಬ್ಬನೇ ಗುರುವಿನಲ್ಲಿ ಜೊತೆಯಾಗಿ ಕಲಿತವನು 'ಸತೀರ್ಥ್ಯ'. 'ಛಾತ್ರ' ಎಂಬ ಶಬ್ದವನ್ನು ವಿವರಿಸುತ್ತ ಪತಂಜಲಿಯು ಮಹಾಭಾಷ್ಯದಲ್ಲಿ ಗುರುವನ್ನೇ ಕೊಡೆಯೆಂದು ಬಗೆಯುತ್ತಾನೆ. ಗುರುವು ಶಿಷ್ಯನನ್ನು ಕೊಡೆಯಂತೆ ಕಾಯುವನು, ಶಿಷ್ಯನೂ ಗುರುವನ್ನು ಹಾಗೆಯೇ ಕಾಯತಕ್ಕವನು. ಈ ಮೂರು ಹೆಸರುಗಳೂ ಕಲಿಯುವವನು ಏನನ್ನು ಕಲಿತನೆಂದು ಹೇಳದೆ, ಯಾರ ಬಳಿ ಇದ್ದನು, ಯಾರ ಜೊತೆ ಇದ್ದನು ಎಂಬುದನ್ನು ಹೇಳುತ್ತವೆ. ವಿದ್ಯಾರ್ಥಿ ಜೀವನವನ್ನು ಸಮಾಜಶಾಸ್ತ್ರದ ದೃಷ್ಟಿಯಿಂದ ಅಭ್ಯಸಿಸಲು ಹೊರಟ ಪದವಿ ತರಗತಿಯ ತರುಣ ತರುಣಿಯರು ಮೊದಲು ಹಿಡಿಯಬೇಕಾದ ಎಳೆ ಇದೇ ಆಗಿದೆ.

ಪದವಿ ತರಗತಿಗಳಲ್ಲಿ ಕಿರುಸಂಶೋಧನೆ ಮಾಡಿಸುವ ರೂಢಿ ಬಹುಕಾಲದಿಂದ ಉಂಟು. ಐವತ್ತು ಪ್ರಶ್ನಾವಳಿಗಳನ್ನು ಹಂಚುವುದು, ತುಂಬಿಸಿ ತರುವುದು, ಶೇಕಡಾವಾರು ಲೆಕ್ಕ ಹಾಕಿ ಕೋಷ್ಟಕ ಬರೆಯುವುದು, ರಟ್ಟು ಹಾಕಿಸಿ ಒಪ್ಪಿಸುವುದು. ಇಷ್ಟಕ್ಕೆ ಕೆಲಸ ಮುಗಿಯಿತೆಂದು ಭಾವಿಸಲಾಗುತ್ತದೆ. 'ನೀವು ಜಾತಿಭೇದವನ್ನು ಆಚರಿಸುವಿರಾ?' ಎಂದು ಕೇಳಿದರೆ ಬಹುಮಟ್ಟಿಗೆ ಎಲ್ಲರೂ 'ಇಲ್ಲ' ಎಂದೇ ಬರೆಯುತ್ತಾರೆ. ಅದು ಸುಳ್ಳೆಂದು ಹೇಳಲಾಗದು. ಆದರೆ ಅದರಿಂದ ತಿಳಿಯುವುದೇನೂ ಇಲ್ಲ. 'ಕಳೆದ ಒಂದು ತಿಂಗಳಲ್ಲಿ ಯಾವ ಗೆಳೆಯನ ಮನೆಯಲ್ಲಿ ಉಂಡಿರಿ? ನಿಮ್ಮ ಮನೆಗೆ ಬಂದವನು ಕಟ್ಟೆಯ ಮೇಲೆ ಕುಳಿತನೋ, ಪಡಸಾಲೆಗೆ ಬಂದನೋ, ಅಡಿಗೆಮನೆಯವರೆಗೆ ಬಂದನೋ?' ಎಂದು ಕೇಳಿ ನೋಡಬೇಕು. ಉತ್ತರಿಸುವವನು ಸ್ವಲ್ಪ ಹೊತ್ತು ಯೋಚಿಸುತ್ತಾನೆ. ಆ ಯೋಚನೆಯಲ್ಲಿಯೇ ಸಮಾಜಶಾಸ್ತ್ರವು ಆರಂಭವಾಗುತ್ತದೆ.

ಎಳೆಯರ ಬರವಣಿಗೆಯೆಂದು ಇಂಥ ಪ್ರಬಂಧಗಳನ್ನು ಹಗುರಾಗಿ ಕಾಣತಕ್ಕದ್ದಲ್ಲ. ಮೈಸೂರಿನ ಎಂ. ಎನ್. ಶ್ರೀನಿವಾಸರು ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾಗಿದ್ದಾಗ ಎಂ. ಎ. ಪದವಿಗಾಗಿ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳ ವಿಷಯದಲ್ಲಿ ಬರೆದ ಪ್ರಬಂಧವೇ 1942ರಲ್ಲಿ ಗ್ರಂಥವಾಗಿ ಹೊರಬಂದಿತು. ವಿದ್ಯಾರ್ಥಿಗಳನ್ನೇ ಅಭ್ಯಾಸದ ವಸ್ತುವನ್ನಾಗಿ ಮಾಡಿಕೊಂಡವರೂ ಉಂಟು. ಐ. ಪಿ. ದೇಸಾಯಿಯವರು ಪುಣೆಯ ಹೈಸ್ಕೂಲು ವಿದ್ಯಾರ್ಥಿಗಳನ್ನು ಕುರಿತು 1953ರಲ್ಲಿ ಗ್ರಂಥ ಬರೆದರು. ಸುಮಾ ಚಿಟ್ನಿಸರು ಹದಿನೈದು ರಾಜ್ಯಗಳ ಪರಿಶಿಷ್ಟ ಜಾತಿಯ ಹೈಸ್ಕೂಲು ಮತ್ತು ಕಾಲೇಜು ವಿದ್ಯಾರ್ಥಿಗಳ ಸಮೀಕ್ಷೆಯನ್ನು 1981ರಲ್ಲಿ ಪ್ರಕಟಿಸಿದರು. ಆ ಗ್ರಂಥಕ್ಕೆ ಅವರಿಟ್ಟ ಹೆಸರು, ಇನ್ನೂ ಬಹುದೂರ ಸಾಗಬೇಕಾಗಿದೆ ಎಂಬ ಅರ್ಥವನ್ನು ಕೊಡುತ್ತದೆ. ಮೈಸೂರು ವಿಶ್ವವಿದ್ಯಾಲಯದ ಸಿ. ಪಾರ್ವತಮ್ಮನವರೂ ಪರಿಶಿಷ್ಟ ಜಾತಿಯವರ ಬದುಕನ್ನು ಹತ್ತಿರದಿಂದ ಅಭ್ಯಸಿಸಿ ಗ್ರಂಥಗಳನ್ನು ರಚಿಸಿದರು.

ನಮ್ಮ ಭಾಗಕ್ಕೆ ಬಂದರೆ, ವಿದ್ಯಾರ್ಥಿ ಜೀವನದ ಕಥೆಯು ಅನ್ನದ ಕಥೆಯೂ ಆಗಿದೆ. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಕೂಡಿ ವಿದ್ಯಾಭಿವೃದ್ಧಿಗಾಗಿ ನಿಧಿಯನ್ನು ಸ್ಥಾಪಿಸಿದರು. ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯೆಗೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ. ಎಲ್. ಇ. ಸಂಸ್ಥೆಯೂ, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜೂ ಆರಂಭವಾದವು. ಅದಕ್ಕೂ ಮೊದಲು ಪದವಿಯನ್ನು ಬಯಸಿದವನು ಪುಣೆ ಮುಂಬಯಿಗಳ ಹಾದಿ ಹಿಡಿಯಬೇಕಾಗಿತ್ತು. ಹಳ್ಳಿಯ ಒಕ್ಕಲಿಗನ ಮಗ ಪಟ್ಟಣದಲ್ಲಿ ಓದಬೇಕಾದರೆ ಶಾಲೆಗಿಂತ ಮೊದಲು ಎರಡು ಹೊತ್ತಿನ ಊಟಕ್ಕೆ ನೆಲೆ ಬೇಕು. ಆ ನೆಲೆಯನ್ನು ಒದಗಿಸಿದವು ಮಠಗಳ ಪ್ರಸಾದ ನಿಲಯಗಳು, ಭಕ್ತರು ಕೊಟ್ಟ ಜೋಳ, ದಾನಿಗಳು ಬಿಟ್ಟ ಹೊಲ.

ಇಲ್ಲಿಯೇ ಒಂದು ಕಠಿಣವಾದ ಪ್ರಶ್ನೆಯೂ ಅಡಗಿದೆ. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಮುಂದೆ ಹಲವು ಜಾತಿಗಳ ಹೆಸರಿನಲ್ಲಿ ವಸತಿಗೃಹಗಳಿಗೆ ಆಶ್ರಯ ನೀಡಿದರು. ಜಾತಿಯ ಹೆಸರಿನಲ್ಲಿ ಕೂಡಿದ ಹಣದಿಂದಲೇ ಅಂದು ಬಾಗಿಲು ತೆರೆಯಿತು. ಬಾಗಿಲ ಮೇಲೆ ಬರೆದ ಹೆಸರು ಒಳಗೆ ಬಂದವನಿಗೆ ಆಸರೆಯಾದಂತೆ ಹೊರಗೆ ನಿಂತವನಿಗೆ ಗೆರೆಯೂ ಆಯಿತು. ಸಿದ್ಧಗಂಗೆಯಂತಹ ಕ್ಷೇತ್ರಗಳು ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ಆ ಗೆರೆಯನ್ನು ದಾಟಿದವು. ಆದರೆ ಒಂದೇ ಪಂಕ್ತಿಯಲ್ಲಿ ಉಂಡವರು ರಜೆಯಲ್ಲಿ ಒಬ್ಬರ ಊರಿಗೆ ಒಬ್ಬರು ಹೋದರೇ? ಇಪ್ಪತ್ತು ವರ್ಷಗಳ ಅನಂತರ ಮಗಳ ಮದುವೆಗೆ ಯಾರು ಯಾರನ್ನು ಕರೆದರು? ಇದನ್ನು ತಿಳಿಯಲು ಹಳೆಯ ವಿದ್ಯಾರ್ಥಿಗಳಿಗಿಂತ ಉತ್ತಮ ಆಕರವಿಲ್ಲ. ಹಳೆಯ ವಿದ್ಯಾರ್ಥಿಗಳು ಸಂಘದ ಸಭೆಗೆ ಬಂದಾಗ ಭಾಷಣಕ್ಕೆ ಬದಲಾಗಿ ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಶಾಲೆಗೆ ಲಾಭ ಹೆಚ್ಚು.

ತರಗತಿಯೊಳಗಿನ ಸಂಬಂಧಗಳನ್ನು ಅಳೆಯಲು ಜೆ. ಎಲ್. ಮೊರೆನೊ ಎಂಬ ವಿದ್ವಾಂಸನು 1934ರ ತನ್ನ ಗ್ರಂಥದಲ್ಲಿ ಒಂದು ಸುಲಭವಾದ ಉಪಾಯವನ್ನು ತೋರಿಸಿದನು. ನಿನ್ನ ಪಕ್ಕದಲ್ಲಿ ಯಾರು ಕುಳಿತರೆ ನಿನಗೆ ಇಷ್ಟ ಎಂದು ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಗುಟ್ಟಾಗಿ ಕೇಳುವುದು. ಒಬ್ಬೊಬ್ಬನಿಗೆ ಒಂದೊಂದು ಚುಕ್ಕೆ ಇಟ್ಟು, ಆರಿಸಿದವನಿಂದ ಆರಿಸಲ್ಪಟ್ಟವನಿಗೆ ಬಾಣದ ಗೆರೆ ಎಳೆಯುವುದು. ಕೆಲವು ಚುಕ್ಕೆಗಳಿಗೆ ಹತ್ತಾರು ಗೆರೆಗಳು ಬಂದು ಸೇರುತ್ತವೆ. ಯಾವ ಗೆರೆಯೂ ಬಾರದ ಚುಕ್ಕೆಯೂ ಇರುತ್ತದೆ. ಚಿಕ್ಕೇರೂರಿನಂತಹ ಊರಿನ ಶಾಲೆಯಲ್ಲಿ ಈ ಚಿತ್ರವನ್ನು ಬರೆಯುವವರು ಅದರ ಮಗ್ಗುಲಲ್ಲಿ ಇನ್ನೂ ಎರಡು ಚಿತ್ರಗಳನ್ನು ಬರೆಯಬೇಕು: ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಾರು ಯಾರೊಡನೆ ಹಂಚಿಕೊಳ್ಳುತ್ತಾರೆ, ಸುತ್ತಣ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು ಯಾರೊಡನೆ ನಿಲ್ಲುತ್ತಾರೆ. ಮೂರು ಚಿತ್ರಗಳೂ ಒಂದೇ ಆಗಿದ್ದರೆ ಅದೊಂದು ಬಗೆ, ಬೇರೆ ಬೇರೆಯಾಗಿದ್ದರೆ ಇನ್ನೊಂದು ಬಗೆ.

ಹಾಜರಿ ಪುಸ್ತಕವಂತೂ ಸಮಾಜಶಾಸ್ತ್ರದ ಗ್ರಂಥವೇ ಸರಿ. ಹಿರೇಕೆರೂರು, ರಾಣೆಬೆನ್ನೂರು ಕಡೆಯಲ್ಲಿ ಹೈಬ್ರಿಡ್ ಹತ್ತಿಬೀಜದ ಬೆಳೆ ಹಬ್ಬಿದ ಮೇಲೆ ಅದನ್ನು ಓದುವ ರೀತಿಯೇ ಬೇರೆಯಾಯಿತು. ಧಾರವಾಡದ ಸಂಶೋಧನೆಯ ಫಲವಾಗಿ ವರಲಕ್ಷ್ಮಿ ಎಂಬ ಹತ್ತಿ 1972ರಲ್ಲಿ ಬಂದಿತು. ಇಂಥ ಹತ್ತಿಯ ಬೀಜವನ್ನು ಪ್ರತಿವರ್ಷವೂ ಹೊಸದಾಗಿ ಸಿದ್ಧಪಡಿಸಬೇಕು. ಸಂಜೆ ಮೊಗ್ಗನ್ನು ಬಿಡಿಸಿ ಪರಾಗದ ಭಾಗವನ್ನು ಉಗುರಿನಿಂದ ಚಿವುಟಿ ತೆಗೆದು, ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂವನ್ನು ತಂದು ಅದಕ್ಕೆ ತಾಗಿಸಬೇಕು. ಜನರು ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಹೂವು ರವಿವಾರವೆಂದು ನಿಲ್ಲುವುದಿಲ್ಲ, ಪರೀಕ್ಷೆಯೆಂದು ತಡೆಯುವುದಿಲ್ಲ; ಮಳೆಗಾಲದ ನಡುವಿನಿಂದ ಕೆಲವು ವಾರಗಳ ಕಾಲ ದಿನವೂ ಕೈ ಬೇಕು. ಸಣ್ಣ ಬೆರಳು ಇದಕ್ಕೆ ಒಗ್ಗುತ್ತದೆ ಎಂಬ ನೆಪದಲ್ಲಿ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿದ್ದು ಈ ಬೆಳೆಯ ಇತಿಹಾಸದಲ್ಲಿ ಎಲ್ಲರೂ ಬಲ್ಲ ಸಂಗತಿ. ಅವರ ಕೂಲಿ ಅಗ್ಗ ಎಂಬುದು ನಿಜವಾದ ಕಾರಣ.

ಹಾಜರಿ ಪುಸ್ತಕದಲ್ಲಿ ಗೈರು ಹಾಜರಿ ಮಾತ್ರ ಕಾಣುತ್ತದೆ. ಕೇಳಿದರೆ 'ಜ್ವರ' ಎಂದು ಉತ್ತರ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮತ್ತು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಗಳ ಅನಂತರ, ಮಗಳನ್ನು ಹೊಲಕ್ಕೆ ಕಳಿಸಿದೆನೆಂದು ಹೊರಗಿನಿಂದ ಬಂದ ಅಧಿಕಾರಿಯ ಮುಂದೆ ಯಾವ ತಂದೆಯೂ ಹೇಳಲಾರನು. ಆದರೆ ಅದೇ ಓಣಿಯಲ್ಲಿ ಬೆಳೆದು, ಅದೇ ಹೊಲದ ಬದುವಿನ ಮೇಲೆ ನಡೆದು ಕಾಲೇಜಿಗೆ ಹೋಗುವ ಹುಡುಗಿಗೆ ಇದು ಗೊತ್ತಿರುತ್ತದೆ. ಆಕೆ ಮೂರು ನಾಲ್ಕು ವರ್ಷಗಳ ಹಾಜರಿಯನ್ನು ತಿಂಗಳುವಾರು ಬಿಡಿಸಿ, ಗಂಡುಮಕ್ಕಳದನ್ನೂ ಹೆಣ್ಣುಮಕ್ಕಳದನ್ನೂ ಬೇರೆ ಮಾಡಿ, ಹತ್ತಿಯ ಕಾಲದೊಂದಿಗೆ ಹೋಲಿಸಿದರೆ ಯಾವ ಪ್ರಶ್ನಾವಳಿಯೂ ಕೊಡದ ಉತ್ತರ ದೊರೆಯುತ್ತದೆ. ಆ ಕಾಲದಲ್ಲಿ ತಪ್ಪಿದ ಪಾಠವನ್ನು ಅವರಿಗೆ ಯಾರು ಹೇಳಿಕೊಟ್ಟರು, ಯಾರ ನೋಟುಬುಕ್ಕು ಅವರ ಕೈಗೆ ಬಂದಿತು ಎಂಬುದನ್ನೂ ಆಕೆ ಕೇಳಬೇಕು. 'ಸತೀರ್ಥ್ಯ' ಎಂಬ ಹಳೆಯ ಮಾತಿಗೆ ಈ ಸೀಮೆಯಲ್ಲಿ ಅರ್ಥ ಉಳಿದಿದೆಯೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ.

ಹೀಗೆ ತಿಳಿದುದನ್ನು ಬರೆಯುವಾಗ ಎಚ್ಚರ ಬೇಕು. ಯಾರ ಹೆಸರೂ, ಗುರುತು ಸಿಗುವಂತಹ ಯಾವ ವಿವರವೂ ಪ್ರಬಂಧದಲ್ಲಿ ಇರಕೂಡದು. ಚಿಕ್ಕ ಊರಿನಲ್ಲಿ 'ಕೆರೆಯ ಹಿಂದಿನ ಮನೆಯವರು' ಎಂದರೂ ಸಾಕು, ಎಲ್ಲರಿಗೂ ತಿಳಿಯುತ್ತದೆ. ಟಿಪ್ಪಣಿಗಳ ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇಡುವುದೂ ಲೇಸು. ಶ್ರೀನಿವಾಸರು 1948ರಲ್ಲಿ ರಾಂಪುರದಲ್ಲಿದ್ದು ಕಲೆಹಾಕಿದ ವಿಷಯವನ್ನು ಆಧರಿಸಿ ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಅವರು ನೆನಪಿನ ಬಲದಿಂದ 1976ರಲ್ಲಿ ಗ್ರಂಥವನ್ನು ಹೊರತಂದರು. ಎಲ್ಲರಿಗೂ ಅಂಥ ನೆನಪು ಇರುವುದಿಲ್ಲ.

ಪ್ರಬಂಧವು ಸಿದ್ಧವಾದ ಮೇಲೆ ಅದರ ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿರಲಿ. ಕಾಲೇಜಿಗೆ ಒಪ್ಪಿಸುವ ಮೊದಲು ಅದನ್ನು ಉತ್ತರ ಕೊಟ್ಟವರ ಮುಂದೆ, ಅವರವರ ಓಣಿಯಲ್ಲಿ, ತಿಳಿಗನ್ನಡದಲ್ಲಿ ಓದಿ ಹೇಳಬೇಕು. ಕೇಳಿದವರು 'ಇದು ಹಾಗಲ್ಲ' ಎಂದು ತಿದ್ದಿದ ಮಾತುಗಳನ್ನು ಕೊನೆಯಲ್ಲಿ ಬೇರೊಂದು ಅಧ್ಯಾಯವಾಗಿ ಸೇರಿಸಬಹುದು.