ಸಣ್ಣ ಊರುಗಳ ವಿಮಾನನಿಲ್ದಾಣಗಳು

ನಮ್ಮ ದೇಶದಲ್ಲಿ ವಿಮಾನಪ್ರಯಾಣವು ಬಹುಕಾಲ ಮಹಾನಗರಗಳ ಸೌಕರ್ಯವಾಗಿಯೇ ಉಳಿದಿತ್ತು. ೨೦೧೪ರಲ್ಲಿ ಪ್ರಯಾಣಿಕ ವಿಮಾನಗಳು ನಡೆಯುತ್ತಿದ್ದ ನಿಲ್ದಾಣಗಳ ಸಂಖ್ಯೆ ಕೇವಲ ೭೪. ಮುಂದಿನ ಹತ್ತು ವರ್ಷಗಳಲ್ಲಿ ಆ ಸಂಖ್ಯೆ ಇಮ್ಮಡಿಯಾಯಿತು. ೨೦೧೬ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ಉಡಾನ್’ ಯೋಜನೆಯು ಈ ಬೆಳವಣಿಗೆಗೆ ಒಂದು ಮುಖ್ಯ ಕಾರಣ. ಕರ್ನಾಟಕದಲ್ಲಿ ಕಲಬುರಗಿಗೆ ೨೦೧೯ರ ನವೆಂಬರಿನಲ್ಲಿಯೂ, ಬೀದರಿಗೆ ೨೦೨೦ರ ಫೆಬ್ರವರಿಯಲ್ಲಿಯೂ, ಶಿವಮೊಗ್ಗಕ್ಕೆ ೨೦೨೩ರ ಆಗಸ್ಟಿನಲ್ಲಿಯೂ ವಿಮಾನಸಂಚಾರ ಪ್ರಾರಂಭವಾಯಿತು. ಜಿಲ್ಲಾ ಕೇಂದ್ರದಿಂದ ರಾಜಧಾನಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕಾಗಿದ್ದ ರೋಗಿಗೂ, ವ್ಯಾಪಾರಿಗೂ, ವಿದ್ಯಾರ್ಥಿಗೂ ಇದು ಸಣ್ಣ ಅನುಕೂಲವಲ್ಲ.

ಆದರೆ ಊರಿಗೊಂದು ವಿಮಾನನಿಲ್ದಾಣವನ್ನು ಕಟ್ಟುವುದು ಊರಿಗೊಂದು ಬಸ್ಸುನಿಲ್ದಾಣವನ್ನು ಕಟ್ಟಿದಂತಲ್ಲ. ದಿನಕ್ಕೆ ಎರಡೇ ವಿಮಾನಗಳು ಬಂದರೂ, ಆ ಎರಡೂ ವಿಮಾನಗಳು ಸುರಕ್ಷಿತವಾಗಿ ಇಳಿದು ಏರುವುದಕ್ಕೆ ಬೇಕಾದ ನೆಲ, ಯಂತ್ರ ಮತ್ತು ಜನ ಇರಲೇಬೇಕು. ಆದಾಯವು ಪ್ರಯಾಣಿಕರ ಸಂಖ್ಯೆಯನ್ನು ಅನುಸರಿಸುತ್ತದೆ; ಅಪಾಯವಾದರೋ ಭೌತಶಾಸ್ತ್ರದ ನಿಯಮಗಳನ್ನು ಅನುಸರಿಸುತ್ತದೆ. ಸಣ್ಣ ನಿಲ್ದಾಣಗಳ ಕಷ್ಟಗಳೆಲ್ಲವೂ ಈ ಅಂತರದಿಂದಲೇ ಹುಟ್ಟುತ್ತವೆ. ಅದು ಹೇಗೆಂಬುದನ್ನು ಒಂದೊಂದಾಗಿ ವಿಚಾರ ಮಾಡೋಣ.

ನಿಲ್ಲುವುದಕ್ಕೆ ಬೇಕಾದ ನೆಲ

ಮಧ್ಯಮ ಗಾತ್ರದ ಒಂದು ಜೆಟ್ ವಿಮಾನವು ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ೭೦ ಮೀಟರು, ಎಂದರೆ ಗಂಟೆಗೆ ಸುಮಾರು ೨೫೦ ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಅದರ ರಾಶಿ ೬೦ ಟನ್ನು ಎಂದಾದರೆ ಅದರಲ್ಲಿ ಅಡಗಿರುವ ಚಲನಶಕ್ತಿಯು ೧೪ ಕೋಟಿ ೭೦ ಲಕ್ಷ ಜೂಲುಗಳು. ಐನೂರು ಲೀಟರು ನೀರನ್ನು ೩೦ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಲು ಇಷ್ಟು ಶಕ್ತಿ ಸಾಕು. ಇದೆಲ್ಲವನ್ನೂ ಅರ್ಧ ನಿಮಿಷದ ಆಸುಪಾಸಿನಲ್ಲಿ ಚಕ್ರದ ಬ್ರೇಕುಗಳು, ಗಾಳಿಯ ತಡೆ ಮತ್ತು ಎಂಜಿನ್ನುಗಳ ಹಿಮ್ಮುಖ ನೂಕು ಸೇರಿ ಕಳೆಯಬೇಕು.

ವೇಗದ ವರ್ಗವನ್ನು, ವೇಗ ಕುಗ್ಗುವ ದರದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲಲು ಬೇಕಾಗುವ ದೂರ ದೊರೆಯುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಪ್ರತಿ ಸೆಕೆಂಡಿಗೂ ವೇಗವು ೨ ಮೀಟರಿನಂತೆ ಕುಗ್ಗಿದರೆ ಮೇಲಿನ ವಿಮಾನಕ್ಕೆ ೧,೨೨೫ ಮೀಟರು ಬೇಕು. ರನ್‌ವೇ ಮಳೆಯಿಂದ ನೆನೆದು ಆ ದರವು ಒಂದೂವರೆಗೆ ಇಳಿದರೆ ೧,೬೩೩ ಮೀಟರು ಬೇಕು. ಸೆಕೆಂಡಿಗೆ ೫ ಮೀಟರಿನ ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ನೆಲಕ್ಕೆ ಹೋಲಿಸಿದ ವೇಗ ೭೫ ಮೀಟರಾಗುತ್ತದೆ. ವೇಗ ಹೆಚ್ಚಿದ್ದು ಶೇಕಡಾ ೭ರಷ್ಟೇ ಆದರೂ ದೂರವು ಶೇಕಡಾ ೧೫ರಷ್ಟು ಹೆಚ್ಚುತ್ತದೆ. ವರ್ಗದ ನಿಯಮದ ಕಠೋರತೆ ಇಂತಹುದು. ಆದುದರಿಂದಲೇ ರನ್‌ವೇಯ ಉದ್ದವನ್ನು ಒಳ್ಳೆಯ ದಿನವನ್ನು ನೋಡಿ ನಿರ್ಧರಿಸುವುದಿಲ್ಲ. ಕೆಟ್ಟ ದಿನವನ್ನು ನೋಡಿ ನಿರ್ಧರಿಸುತ್ತಾರೆ.

ಬಿಸಿಲೂ ಎತ್ತರವೂ

ಏರುವಾಗಿನ ಕಷ್ಟ ಬೇರೆ ಬಗೆಯದು. ರೆಕ್ಕೆಯ ಮೇಲಿನ ಎತ್ತುವ ಬಲವು ಗಾಳಿಯ ಸಾಂದ್ರತೆಯನ್ನು ಅವಲಂಬಿಸಿದೆ. ಒತ್ತಡವು ಒಂದೇ ಆಗಿದ್ದರೆ ಸಾಂದ್ರತೆಯು ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುತ್ತದೆ. ೧೫ ಡಿಗ್ರಿಯ ಗಾಳಿಗೆ ಹೋಲಿಸಿದರೆ ೪೨ ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇಕಡಾ ೯ರಷ್ಟು ಕಡಮೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನದಲ್ಲಿ ಇಂತಹ ಉಷ್ಣತೆ ಅಪರೂಪವೇನೂ ಅಲ್ಲ. ತೆಳುವಾದ ಗಾಳಿಯಲ್ಲಿ ವಿಮಾನವು ಏರಬೇಕಾದರೆ ಹೆಚ್ಚಿನ ವೇಗ ಬೇಕು. ಅದೇ ಗಾಳಿಯನ್ನು ಸೇವಿಸುವ ಎಂಜಿನ್ನಿನ ಬಲವಾದರೋ ಕುಂದಿರುತ್ತದೆ. ಹೀಗೆ ಎರಡು ಕಡೆಯಿಂದಲೂ ನಷ್ಟ.

ನಿಲ್ದಾಣಗಳನ್ನು ಯೋಜಿಸುವವರು ಇದಕ್ಕಾಗಿ ಒಂದು ಸರಳ ಸೂತ್ರವನ್ನು ಬಳಸುತ್ತಾರೆ. ಸಮುದ್ರಮಟ್ಟದಿಂದ ಪ್ರತಿ ೩೦೦ ಮೀಟರು ಎತ್ತರಕ್ಕೆ ರನ್‌ವೇಯ ಉದ್ದವನ್ನು ಶೇಕಡಾ ೭ರಷ್ಟು, ಆ ಎತ್ತರದ ಪ್ರಮಾಣೋಷ್ಣತೆಗಿಂತ ಹೆಚ್ಚಾದ ಪ್ರತಿ ಡಿಗ್ರಿಗೂ ಶೇಕಡಾ ೧ರಷ್ಟು ಹೆಚ್ಚಿಸಬೇಕು. ೩೦೦ ಮೀಟರು ಎತ್ತರದಲ್ಲಿ ಪ್ರಮಾಣೋಷ್ಣತೆ ೧೩ ಡಿಗ್ರಿ. ಅಲ್ಲಿಯ ಬೇಸಗೆಯ ಲೆಕ್ಕದ ಉಷ್ಣತೆ ೩೫ ಡಿಗ್ರಿ ಎಂದಾದರೆ ವ್ಯತ್ಯಾಸ ೨೨ ಡಿಗ್ರಿ. ತಂಪಾದ ಕಡಲತೀರದಲ್ಲಿ ೧,೫೦೦ ಮೀಟರಿನಲ್ಲಿ ಏರಬಲ್ಲ ವಿಮಾನಕ್ಕೆ ಇಲ್ಲಿ ಸುಮಾರು ೧,೯೬೦ ಮೀಟರು ಬೇಕಾಗುತ್ತದೆ. ಅಷ್ಟು ನೆಲವಿಲ್ಲದಿದ್ದರೆ ಭಾರವನ್ನು ಇಳಿಸಬೇಕು. ಎಂದರೆ ಕೆಲವು ಆಸನಗಳನ್ನು ಖಾಲಿ ಬಿಡಬೇಕು. ಆದಾಯದ ಕೊರತೆಯಲ್ಲಿರುವ ನಿಲ್ದಾಣಕ್ಕೆ ಬಿಸಿಲು ಕೂಡ ಒಂದು ತೆರಿಗೆಯಾಗಿ ಪರಿಣಮಿಸುವುದು ಹೀಗೆ.

ಮಂಗಳೂರಿನ ಪಾಠ

ಮಂಗಳೂರಿನ ಬಜಪೆಯ ನಿಲ್ದಾಣವು ೧೯೫೧ರ ಡಿಸೆಂಬರ್ ೨೫ರಂದು ಪ್ರಾರಂಭವಾಯಿತು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ ನಿಲ್ದಾಣವಿದು. ರನ್‌ವೇಯ ಅಂಚುಗಳ ಆಚೆ ಕಣಿವೆ. ಹಳೆಯ ರನ್‌ವೇ ದೊಡ್ಡ ವಿಮಾನಗಳಿಗೆ ಸಾಲದಾದಾಗ ೨,೪೫೦ ಮೀಟರು ಉದ್ದದ ಹೊಸ ರನ್‌ವೇಯನ್ನು ನಿರ್ಮಿಸಲಾಯಿತು. ಅದು ೨೦೦೬ರಲ್ಲಿ ಬಳಕೆಗೆ ಬಂದಿತು.

೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಬೋಯಿಂಗ್ ೭೩೭-೮೦೦ ವಿಮಾನವು ಈ ರನ್‌ವೇಯ ಆರಂಭದಿಂದ ಸುಮಾರು ೧,೬೦೦ ಮೀಟರು ದಾಟಿದ ಮೇಲೆ ನೆಲವನ್ನು ಮುಟ್ಟಿತು. ಉಳಿದದ್ದು ಸುಮಾರು ೮೫೦ ಮೀಟರು. ವಿಮಾನವು ರನ್‌ವೇಯನ್ನು ಮೀರಿ ಹೋಗಿ, ಅದರಾಚೆಯಿದ್ದ ಕಾಂಕ್ರೀಟು ಕಟ್ಟೆಗೆ ರೆಕ್ಕೆ ತಗುಲಿ, ಕಣಿವೆಗೆ ಉರುಳಿ ಬೆಂಕಿಗೆ ಆಹುತಿಯಾಯಿತು. ಒಳಗಿದ್ದ ೧೬೬ ಜನರಲ್ಲಿ ೧೫೮ ಜನ ಮಡಿದರು. ಉಳಿದವರು ಎಂಟೇ ಜನ. ಹೆಚ್ಚು ಎತ್ತರದಿಂದ, ಹೆಚ್ಚು ವೇಗದಿಂದ ಇಳಿಯುತ್ತಿದ್ದರೂ ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರದಿದ್ದುದೇ ಅಪಘಾತದ ನೇರ ಕಾರಣವೆಂದು ವಿಚಾರಣಾ ಸಮಿತಿಯು ನಿರ್ಣಯಿಸಿತು. ಆದರೆ ಸಮಿತಿಯು ಅಷ್ಟಕ್ಕೇ ನಿಲ್ಲದೆ, ರನ್‌ವೇಯ ಆಚೆಯ ನೆಲದ ಸ್ಥಿತಿಯನ್ನೂ ಆ ಕಟ್ಟೆಯನ್ನೂ ಕುರಿತು ವಿಚಾರ ಮಾಡಿತು. ಮನುಷ್ಯನು ತಪ್ಪುವ ಸಂಭವವಿದೆಯೆಂದು ಒಪ್ಪಿಕೊಂಡು, ಆ ತಪ್ಪು ಸಾವಿಗೆ ತಿರುಗದಂತೆ ನೆಲವನ್ನು ಸಿದ್ಧಪಡಿಸುವುದೇ ಸುರಕ್ಷತೆಯ ಶಾಸ್ತ್ರ.

ಹತ್ತು ವರ್ಷಗಳ ಬಳಿಕ, ೨೦೨೦ರ ಆಗಸ್ಟ್ ೭ರಂದು, ಕೇರಳದ ಕೋಳಿಕ್ಕೋಡಿನಲ್ಲಿ ಇದೇ ಬಗೆಯ ಗುಡ್ಡದ ರನ್‌ವೇಯ ಮೇಲೆ ಮಳೆಯಲ್ಲಿ, ಹಿಂಗಾಳಿಯೊಡನೆ ಇಳಿದ ವಿಮಾನವೊಂದು ಅಂಚನ್ನು ದಾಟಿ ಕೆಳಗುರುಳಿತು. ಆಗ ೨೧ ಜನ ಪ್ರಾಣ ಕಳೆದುಕೊಂಡರು.

ನಿಯಮಗಳ ಹಿಂದಿರುವ ಲೆಕ್ಕ

ರನ್‌ವೇಯ ತುದಿಯಿಂದಾಚೆ ಎಷ್ಟು ನೆಲ ಇರಬೇಕೆಂಬುದಕ್ಕೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ನಿಯಮವನ್ನು ಮಾಡಿದೆ. ತುದಿಯ ಬಳಿಕ ೬೦ ಮೀಟರಿನ ಪಟ್ಟಿ. ಅದರಾಚೆ ‘ತುದಿಯ ಸುರಕ್ಷಿತ ಪ್ರದೇಶ’. ದೊಡ್ಡ ವಿಮಾನಗಳು ಇಳಿಯುವಲ್ಲಿ ಇದು ಕನಿಷ್ಠ ೯೦ ಮೀಟರು ಇರಲೇಬೇಕು. ೨೪೦ ಮೀಟರು ಇರುವುದು ಉತ್ತಮ. ಈ ಎರಡು ಸಂಖ್ಯೆಗಳ ವ್ಯತ್ಯಾಸವೇನು? ವಿಮಾನವೊಂದು ಸೆಕೆಂಡಿಗೆ ೩೬ ಮೀಟರು ವೇಗದಲ್ಲಿ ರನ್‌ವೇಯನ್ನು ದಾಟಿತೆನ್ನೋಣ. ಒಟ್ಟು ೩೦೦ ಮೀಟರು ನೆಲವಿದ್ದರೆ ಪ್ರತಿ ಸೆಕೆಂಡಿಗೆ ೨.೨ ಮೀಟರಿನಂತೆ ವೇಗ ಕುಗ್ಗಿದರೆ ಸಾಕು. ಒಟ್ಟು ೧೫೦ ಮೀಟರು ಮಾತ್ರವಿದ್ದರೆ ೪.೩ ಮೀಟರಿನಂತೆ ಕುಗ್ಗಬೇಕು. ನೆನೆದ ನೆಲದ ಮೇಲೆ ಚಕ್ರದ ಘರ್ಷಣೆಯಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ.

ನೆಲವೇ ಇಲ್ಲದ ಕಡೆ ಇನ್ನೊಂದು ಉಪಾಯವುಂಟು. ಚಕ್ರದ ಭಾರಕ್ಕೆ ಪುಡಿಯಾಗುವಂತಹ ಹಗುರ ಕಾಂಕ್ರೀಟಿನ ಹಾಸನ್ನು ತುದಿಯಲ್ಲಿ ಹಾಕುತ್ತಾರೆ. ಚಕ್ರವು ಅದರಲ್ಲಿ ಹೂತುಕೊಂಡು, ಕಾಂಕ್ರೀಟನ್ನು ಪುಡಿಮಾಡುವ ಕೆಲಸದಲ್ಲಿ ವಿಮಾನದ ಚಲನಶಕ್ತಿ ವ್ಯಯವಾಗುತ್ತದೆ. ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ೧೯೯೬ರಲ್ಲಿ ಇಂತಹ ಹಾಸನ್ನು ಹಾಕಲಾಯಿತು. ೧೯೯೯ರಲ್ಲಿ ರನ್‌ವೇಯನ್ನು ಮೀರಿದ ಒಂದು ಸಣ್ಣ ವಿಮಾನವನ್ನು ಅದು ತಡೆದು ನಿಲ್ಲಿಸಿತು. ಆದರೆ ಈ ಹಾಸಿಗೆ ತಗಲುವ ವೆಚ್ಚ ಹೆಚ್ಚು, ಆಗಾಗ ದುರಸ್ತಿಯೂ ಬೇಕು.

ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಲೈಸೆನ್ಸ್ ಇಲ್ಲದೆ ಯಾವ ನಾಗರಿಕ ನಿಲ್ದಾಣದಲ್ಲಿಯೂ ನಿಯತ ವಿಮಾನಸಂಚಾರ ನಡೆಯುವಂತಿಲ್ಲ. ೧೯೩೪ರ ವಿಮಾನ ಕಾಯಿದೆಯ ಸ್ಥಾನದಲ್ಲಿ ೨೦೨೫ರ ಜನವರಿ ೧ರಿಂದ ಹೊಸ ಅಧಿನಿಯಮ ಜಾರಿಗೆ ಬಂದಿದೆ. ಲೈಸೆನ್ಸಿನ ಕಟ್ಟಳೆ ಹಾಗೆಯೇ ಉಳಿದಿದೆ. ಅಗ್ನಿಶಾಮಕ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಕಿಯ ವಾಹನವು ರನ್‌ವೇಯ ಯಾವುದೇ ತುದಿಯನ್ನು ಮೂರು ನಿಮಿಷಗಳೊಳಗೆ ಮುಟ್ಟಬೇಕು. ಸುಮಾರು ೨೭ ಮೀಟರು ಉದ್ದದ, ಎಪ್ಪತ್ತು ಆಸನಗಳ ಎಟಿಆರ್ ವಿಮಾನಕ್ಕೆ ಒಂದು ವಾಹನ ಸಾಕು. ೩೭ ಮೀಟರಿಗೂ ಹೆಚ್ಚು ಉದ್ದದ ಏರ್‌ಬಸ್ ೩೨೦ ಬರಬೇಕಾದರೆ ಸಾಮಾನ್ಯವಾಗಿ ಎರಡು ವಾಹನಗಳು ಬೇಕು.

ತಪಾಸಣೆಯ ಯಂತ್ರಗಳು

೧೯೯೯ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣವಾದ ಬಳಿಕ ನಮ್ಮ ನಿಲ್ದಾಣಗಳ ಕಾವಲನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ವಹಿಸುವ ಕಾರ್ಯ ೨೦೦೦ದ ಫೆಬ್ರವರಿಯಲ್ಲಿ ಜಯಪುರದಿಂದ ಆರಂಭವಾಯಿತು. ಅಪಾಯವು ಮಹಾನಗರಗಳಿಗೇ ಮೀಸಲಲ್ಲ. ೨೦೨೦ರ ಜನವರಿ ೨೦ರಂದು ಮಂಗಳೂರು ನಿಲ್ದಾಣದಲ್ಲಿಯೇ ಟಿಕೆಟ್ ಕೌಂಟರಿನ ಬಳಿ ಸ್ಫೋಟಕವಿದ್ದ ಚೀಲವೊಂದು ಸಿಕ್ಕಿತು. ಈ ಪಡೆಯ ಸಿಬ್ಬಂದಿ ಅದನ್ನು ಗುರುತಿಸಿದುದರಿಂದ ಅನಾಹುತ ತಪ್ಪಿತು.

ಬಾಗಿಲ ಚೌಕಟ್ಟಿನಂತಿರುವ ಲೋಹಶೋಧಕವು ಬದಲಾಗುವ ಕಾಂತಕ್ಷೇತ್ರವನ್ನು ಹರಡುತ್ತದೆ. ಲೋಹವಿದ್ದರೆ ಅದರಲ್ಲಿ ಸುಳಿವಿದ್ಯುತ್ತು ಹುಟ್ಟಿ ಸೂಚನೆ ಕೊಡುತ್ತದೆ. ಆದರೆ ಲೋಹವಲ್ಲದ ಸ್ಫೋಟಕವು ಇದಕ್ಕೆ ಕಾಣದು. ಆದುದರಿಂದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ೨೦೧೯ರಲ್ಲಿ, ಮಿಲಿಮೀಟರು ಪ್ರಮಾಣದ ರೇಡಿಯೋ ಅಲೆಗಳಿಂದ ಮೈಯನ್ನು ಶೋಧಿಸುವ ಯಂತ್ರಗಳನ್ನು ಸೂಕ್ಷ್ಮ ನಿಲ್ದಾಣಗಳಲ್ಲಿ ಅಳವಡಿಸಲು ಸೂಚಿಸಿತು. ಈ ಅಲೆಗಳು ಬಟ್ಟೆಯನ್ನು ದಾಟಿ ಚರ್ಮದಿಂದ ಪ್ರತಿಫಲಿಸುತ್ತವೆ. ಕ್ಷ-ಕಿರಣಗಳಂತೆ ಪರಮಾಣುಗಳನ್ನು ಅಯಾನೀಕರಿಸುವುದಿಲ್ಲ.

ಚೀಲಗಳನ್ನು ನೋಡುವುದಕ್ಕೆ ಎರಡು ಶಕ್ತಿಮಟ್ಟದ ಕ್ಷ-ಕಿರಣಗಳನ್ನು ಬಳಸುತ್ತಾರೆ. ಕಡಮೆ ಶಕ್ತಿಯ ಕಿರಣಗಳ ಹೀರಿಕೆಯು ಪರಮಾಣು ಸಂಖ್ಯೆಯನ್ನು ತೀವ್ರವಾಗಿ ಅವಲಂಬಿಸುತ್ತದೆ. ಹೆಚ್ಚು ಶಕ್ತಿಯ ಕಿರಣಗಳದು ಬಹುಮಟ್ಟಿಗೆ ಸಾಂದ್ರತೆಯನ್ನು. ಎರಡನ್ನೂ ಹೋಲಿಸಿ ಯಂತ್ರವು ಸಾವಯವ ವಸ್ತುವಿಗೆ ಕಿತ್ತಳೆ ಬಣ್ಣವನ್ನೂ ಲೋಹಕ್ಕೆ ನೀಲಿಯನ್ನೂ ಕೊಡುತ್ತದೆ. ಸ್ಫೋಟಕವೂ ಕಿತ್ತಳೆಯೇ, ಮೈಸೂರು ಪಾಕೂ ಕಿತ್ತಳೆಯೇ! ಹೀಗಾಗಿ ಪರದೆಯ ಮುಂದೆ ತರಬೇತಾದ ಕಣ್ಣು ಬೇಕು. ಅಥವಾ ಹಲವು ಕೋನಗಳಿಂದ ಚಿತ್ರ ತೆಗೆದು ಪ್ರತಿ ವಸ್ತುವಿನ ಸಾಂದ್ರತೆಯನ್ನು ಲೆಕ್ಕಹಾಕುವ ಸಿ.ಟಿ. ಯಂತ್ರ ಬೇಕು. ಇದು ದುಬಾರಿ, ಭಾರವೂ ಹೆಚ್ಚು. ಸಣ್ಣ ಕಟ್ಟಡದಲ್ಲಿ ಇದನ್ನಿಡಲು ಜಾಗವನ್ನೇ ಹೊಸದಾಗಿ ಹೊಂದಿಸಬೇಕಾಗಬಹುದು.

ಬೆಳವಣಿಗೆಯ ಬಿಕ್ಕಟ್ಟು

ಲೆಕ್ಕಕ್ಕಾಗಿ, ಒಂದು ನಿಲ್ದಾಣದ ಸ್ಥಿರ ಖರ್ಚು ದಿನಕ್ಕೆ ಮೂರು ಲಕ್ಷ ರೂಪಾಯಿ ಎಂದು ಕಲ್ಪಿಸಿಕೊಳ್ಳೋಣ. ದಿನಕ್ಕೆ ನೂರು ಪ್ರಯಾಣಿಕರಿದ್ದರೆ ತಲೆಗೆ ಮೂರು ಸಾವಿರ ಬೀಳುತ್ತದೆ; ಸಾವಿರ ಪ್ರಯಾಣಿಕರಿದ್ದರೆ ಮುನ್ನೂರು. ಶುಲ್ಕ ಹೆಚ್ಚಿಸಿದರೆ ಪ್ರಯಾಣಿಕರು ರೈಲನ್ನು ಹಿಡಿಯುತ್ತಾರೆ, ಹೆಚ್ಚಿಸದಿದ್ದರೆ ನಷ್ಟ. ಈ ಗಂಟನ್ನು ಬಿಡಿಸುವುದಕ್ಕಾಗಿಯೇ ಉಡಾನ್ ಯೋಜನೆಯು ಆಯ್ದ ಮಾರ್ಗಗಳ ನಷ್ಟವನ್ನು ಮೂರು ವರ್ಷಗಳವರೆಗೆ ತುಂಬಿಕೊಡುವ ಏರ್ಪಾಡು ಮಾಡಿತು. ನೆರವು ಮುಗಿಯುವುದರೊಳಗೆ ಪ್ರಯಾಣಿಕರ ರೂಢಿ ಬೆಳೆಯಬೇಕೆಂಬುದು ಅದರ ಆಶಯ. ಆಶಯವು ಎಲ್ಲೆಡೆ ಕೈಗೂಡಲಿಲ್ಲ. ಬೀದರಿನ ವಿಮಾನಸಂಚಾರವು ೨೦೨೩ರ ಡಿಸೆಂಬರಿನಲ್ಲಿ ನಿಂತುಹೋಗಿ, ೨೦೨೫ರ ಏಪ್ರಿಲಿನಲ್ಲಿ ಪುನಃ ಆರಂಭವಾಯಿತು.

ಪ್ರಯಾಣಿಕರು ಹೆಚ್ಚಿದರೂ ಕಷ್ಟ ತಪ್ಪಿದ್ದಲ್ಲ. ಮೈಸೂರಿನ ಮಂಡಕಳ್ಳಿಯ ೧,೭೪೦ ಮೀಟರಿನ ರನ್‌ವೇ ಎಟಿಆರ್ ವಿಮಾನಗಳಿಗಾಗಿ ನಿರ್ಮಾಣವಾದುದು. ಜೆಟ್ ವಿಮಾನಗಳಿಗಾಗಿ ಅದನ್ನು ಉದ್ದಗೊಳಿಸುವ ಯೋಜನೆಗೆ ಪಕ್ಕದ ನಂಜನಗೂಡು ಹೆದ್ದಾರಿ ಅಡ್ಡವಾಗಿದೆ; ರಸ್ತೆಯನ್ನೇ ಬೇರೆಡೆಗೆ ತಿರುಗಿಸುವ ಅಥವಾ ರನ್‌ವೇಯ ಕೆಳಗೆ ಹಾಯಿಸುವ ಪ್ರಶ್ನೆ ಇಲ್ಲಿ ಬರುತ್ತದೆ. ನಿಲ್ದಾಣವು ಒಂದು ಮೆಟ್ಟಿಲು ಏರಬೇಕಾದರೆ ನೆಲ, ಬೆಂಕಿಯ ವಾಹನ, ತಪಾಸಣೆಯ ಯಂತ್ರ, ಸಿಬ್ಬಂದಿ ಎಲ್ಲವೂ ಒಟ್ಟಿಗೇ ಏರಬೇಕು. ಆದಾಯವಾದರೋ ಅವುಗಳ ಹಿಂದೆ ನಿಧಾನವಾಗಿ ನಡೆದುಬರುತ್ತದೆ.

ಹಾಗಾದರೆ ಸಣ್ಣ ಊರುಗಳಿಗೆ ವಿಮಾನ ಬೇಡವೆ? ಖಂಡಿತ ಬೇಕು. ಆದರೆ ಹಣ ಸಾಲದಾದಾಗ ಯಾವುದನ್ನು ಮೊದಲು ಮಾಡಬೇಕೆಂಬ ವಿವೇಕವೂ ಬೇಕು. ಗಾಜಿನ ಗೋಡೆ, ವಿಶಾಲವಾದ ಹಜಾರ, ಅಲಂಕಾರದ ಮುಖಮಂಟಪಗಳು ಐದು ವರ್ಷ ಕಾಯಬಲ್ಲವು. ತುದಿಯ ಸುರಕ್ಷಿತ ಪ್ರದೇಶವೂ, ಬೆಂಕಿಯ ವಾಹನವೂ, ಚೀಲವನ್ನು ನೋಡುವ ಕಣ್ಣೂ ಮೊದಲನೆಯ ದಿನವೇ ಇರಬೇಕು. ನಿಮ್ಮ ಊರಿನಲ್ಲಿ ವಿಮಾನನಿಲ್ದಾಣವೊಂದು ನಿರ್ಮಾಣವಾಗುತ್ತಿದ್ದರೆ, ಕಟ್ಟಡದ ಚಿತ್ರವನ್ನು ನೋಡಿ ಸಂತೋಷಪಡುವುದರ ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಿರಿ: ರನ್‌ವೇ ಮುಗಿದ ಮೇಲೆ ಏನಿದೆ? ಬೇಸಗೆಯ ಮಧ್ಯಾಹ್ನ ತುಂಬಿದ ವಿಮಾನ ಏರುವುದಕ್ಕೆ ಈ ಉದ್ದ ಸಾಕೆ? ಉತ್ತರವನ್ನು ಪರೀಕ್ಷಿಸುವುದಕ್ಕೆ ಬೇಕಾದ ಸೂತ್ರಗಳು ಹೆಚ್ಚುಕಡಮೆ ನಿಮ್ಮ ಪಠ್ಯಪುಸ್ತಕದಲ್ಲಿಯೇ ಇವೆ.