ಅಧ್ಯಯನ ಪುಟ: ಪುಸ್ತಕ ಹಿಡಿದು ಪಿಎಚ್‌ಪಿ ಮತ್ತು ಡೇಟಾಬೇಸ್ ಕಲಿಯುವುದು ಹೇಗೆ?





ವಾರ್ಷಿಕ ವರದಿಯ ಜೊತೆಗೆ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಒಂದು ಪಾಠವನ್ನು ಈ ಪುಟದಲ್ಲಿ ಕೊಡುತ್ತಿದ್ದೇವೆ. ಬಿಸಿಎ, ಡಿಪ್ಲೊಮಾ, ಬಿಇ ಓದುವ ನಮ್ಮ ಮಕ್ಕಳಲ್ಲಿ ಹಲವರಿಗೆ ಕೋಚಿಂಗ್ ಶುಲ್ಕ ಕಟ್ಟುವ ಶಕ್ತಿಯಿಲ್ಲ. ಒಂದು ಪುಸ್ತಕ ಮತ್ತು ಒಂದು ಹಳೆಯ ಕಂಪ್ಯೂಟರ್ ಇದ್ದರೂ ಈ ವಿದ್ಯೆ ಕಲಿಯಬಹುದು.

ಈ ವಿಷಯ ಆರಿಸಲು ನಮ್ಮದೇ ತಪ್ಪೊಂದು ಕಾರಣ. ವಿದ್ಯಾರ್ಥಿವೇತನದ ಲೆಕ್ಕವನ್ನು ನಾವು ಮೊದಲು ರಿಜಿಸ್ಟರಿನಲ್ಲಿ, ಬಳಿಕ ಎಕ್ಸೆಲ್‌ನಲ್ಲಿ ಬರೆದಿಡುತ್ತಿದ್ದೆವು. ಒಬ್ಬ ಹುಡುಗನ ಹೆಸರು ಒಂದು ಅರ್ಜಿಯಲ್ಲಿ ‘ಮಹಮ್ಮದ್’ ಎಂದೂ ಇನ್ನೊಂದರಲ್ಲಿ ‘ಮುಹಮ್ಮದ್’ ಎಂದೂ ಇತ್ತು. ಅವನಿಗೆ ಎರಡು ಸಲ ಹಣ ಹೋಯಿತು. ಅವನ ಮನೆಯವರೇ ಬಂದು ಒಂದು ಪಾಲನ್ನು ಮರಳಿಸಿದರು. ಆದರೆ ಒಂದೇ ಹೆಸರಿನ ಇಬ್ಬರು ಹುಡುಗಿಯರನ್ನು ಒಬ್ಬಳೆಂದು ತಿಳಿದು, ಒಬ್ಬಳ ಅರ್ಜಿಯನ್ನು ‘ಕೊಟ್ಟಾಗಿದೆ’ ಎಂದು ಬದಿಗಿಟ್ಟೆವು. ಅವಳ ತಂದೆ ಬಂದು ಕೇಳಿದಾಗಲೇ ನಮಗೆ ಗೊತ್ತಾದದ್ದು. ಅಷ್ಟರಲ್ಲಿ ಅವರು ಸಾಲ ಮಾಡಿ, ದಂಡ ಸಹಿತ ಶುಲ್ಕ ಕಟ್ಟಿದ್ದರು. ನಾವು ಅವರ ಕ್ಷಮೆ ಕೇಳಿದೆವು, ಹಣವನ್ನೂ ಕೊಟ್ಟೆವು. ಆದರೂ ಝಕಾತ್ ನಮ್ಮ ಕೈಯಲ್ಲಿರುವ ಅಮಾನತ್. ಅದರ ಲೆಕ್ಕ ನೆನಪಿನ ಮೇಲೆ ನಿಲ್ಲಬಾರದು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಅಲ್-ಬಕರಾ ಅಧ್ಯಾಯದ 282ನೇ ವಚನದಲ್ಲಿ ತಿಳಿಸಿರುವುದು ನಮಗೆಲ್ಲ ಗೊತ್ತಿದೆ.

ನಮ್ಮಿಂದಲೇ ವಿದ್ಯಾರ್ಥಿವೇತನ ಪಡೆದು ಬಿಸಿಎ ಮುಗಿಸಿದ ಇಬ್ಬರು ಪುಸ್ತಕ ನೋಡಿ ಕಲಿತು ಹೊಸ ವ್ಯವಸ್ಥೆ ಮಾಡಿಕೊಟ್ಟರು. ಅವರು ಕಲಿತ ಕ್ರಮವನ್ನೇ ಇಲ್ಲಿ ಬರೆದಿದ್ದೇವೆ.

1. ಮೊದಲು ಚಿತ್ರ ಸ್ಪಷ್ಟವಾಗಲಿ

ಬ್ರೌಸರ್ ಒಂದು ಪುಟ ಕೇಳುತ್ತದೆ. ಸರ್ವರ್‌ನಲ್ಲಿರುವ ಪ್ರೋಗ್ರಾಂ ಡೇಟಾಬೇಸ್‌ನಿಂದ ಮಾಹಿತಿ ತೆಗೆದು, ಪುಟ ಸಿದ್ಧಪಡಿಸಿ ಕಳುಹಿಸುತ್ತದೆ. ಆ ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಪಿಎಚ್‌ಪಿ ಒಂದು. ರಾಸ್ಮಸ್ ಲೆರ್ಡಾರ್ಫ್ ಅದನ್ನು 1995ರಲ್ಲಿ ಬಿಡುಗಡೆ ಮಾಡಿದರು. ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಟ್ಟು ಒಂದಕ್ಕೊಂದು ಜೋಡಿಸುವ ವಿಧಾನವನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ್ದರು. ಕ್ಸಾಂಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಅಪಾಚೆ ಸರ್ವರ್, ಮರಿಯಾಡಿಬಿ, ಪಿಎಚ್‌ಪಿ ಮೂರೂ ಒಟ್ಟಿಗೆ ಬರುತ್ತವೆ. ನಂತರ ಇಂಟರ್ನೆಟ್ ಇಲ್ಲದೆಯೂ ಮನೆಯಲ್ಲೇ ಅಭ್ಯಾಸ ಮಾಡಬಹುದು.

2. ಪುಸ್ತಕದ ಇಸವಿ ನೋಡಿ

ಹಳೆ ಪುಸ್ತಕದಂಗಡಿಯಲ್ಲಿ ಪುಸ್ತಕ ಅಗ್ಗಕ್ಕೆ ಸಿಗುತ್ತದೆ. ಆದರೆ ‘ಮೈಎಸ್‌ಕ್ಯೂಎಲ್ ಕನೆಕ್ಟ್’ ಮುಂತಾದ ಹಳೆಯ ಫಂಕ್ಷನ್‌ಗಳನ್ನು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ತೆಗೆದುಹಾಕಲಾಗಿದೆ. ಪುಸ್ತಕದಲ್ಲಿರುವಂತೆಯೇ ಬರೆದರೂ ಎರರ್ ಬಂದಾಗ ತನಗೇ ಬುದ್ಧಿ ಸಾಲದೆಂದು ಕೈಬಿಡುವ ಮಕ್ಕಳಿದ್ದಾರೆ. ತಪ್ಪು ಅವರದಲ್ಲ, ಪುಸ್ತಕ ಹಳತು. ಪಿಡಿಒ ಅಥವಾ ಮೈಎಸ್‌ಕ್ಯೂಎಲ್‌ಐ ಕಲಿಸುವ ಪುಸ್ತಕ ಕೊಳ್ಳಿರಿ. ಹಳೆ ಪುಸ್ತಕವನ್ನು ಎಸೆಯಬೇಕಾಗಿಲ್ಲ. ಸೆಲೆಕ್ಟ್, ಇನ್ಸರ್ಟ್, ಜಾಯಿನ್ ಕಲಿಸುವ ಎಸ್‌ಕ್ಯೂಎಲ್ ಅಧ್ಯಾಯಗಳು ಬಹುಪಾಲು ಈಗಲೂ ನಡೆಯುತ್ತವೆ.

3. ಕಂಪ್ಯೂಟರ್ ಮುಟ್ಟುವ ಮೊದಲು ಪೆನ್ಸಿಲ್

ಕೋಷ್ಟಕಗಳನ್ನು ಕಾಗದದಲ್ಲಿ ಬರೆಯಿರಿ. ನಮ್ಮಲ್ಲಿ ಮುಖ್ಯವಾಗಿ ಎರಡಿವೆ: ‘ವಿದ್ಯಾರ್ಥಿ’ ಮತ್ತು ‘ಪಾವತಿ’. ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ, ಅದೇ ಪ್ರೈಮರಿ ಕೀ. ಪಾವತಿಯಲ್ಲಿ ಹೆಸರು ಬರೆಯುವುದಿಲ್ಲ, ಆ ಸಂಖ್ಯೆಯನ್ನಷ್ಟೇ ಬರೆಯುತ್ತೇವೆ. ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ ಮತ್ತು ತೇರ್ಗಡೆಯಾದ ವರ್ಷ ಎರಡಕ್ಕೂ ಸೇರಿಸಿ ‘ಯುನೀಕ್’ ನಿಯಮ ಹಾಕಿದ್ದೇವೆ. ಹೆಸರನ್ನು ಹೇಗೆ ಬರೆದರೂ ಒಬ್ಬನೇ ಎರಡು ಸಲ ಸೇರಲಾರ. ಹೆಸರು ಒಂದೇ ಆದರೂ ಇಬ್ಬರು ಒಬ್ಬರಾಗಲಾರರು. ವಿದ್ಯಾರ್ಥಿ ಸಂಖ್ಯೆ ಮತ್ತು ಶೈಕ್ಷಣಿಕ ವರ್ಷಕ್ಕೆ ಇನ್ನೊಂದು ಯುನೀಕ್ ನಿಯಮವಿದೆ. ಆದ್ದರಿಂದ ಒಂದೇ ವರ್ಷಕ್ಕೆ ಎರಡನೇ ಪಾವತಿಯನ್ನು ಡೇಟಾಬೇಸೇ ತಡೆಯುತ್ತದೆ. ಝಕಾತ್ ಹಣ ಅರ್ಹರಿಗೇ ಸಲ್ಲಬೇಕಾದ್ದರಿಂದ, ಝಕಾತ್ ಯಾವುದು, ಸದಕಾ ಯಾವುದು ಎಂದು ತಿಳಿಸುವ ‘ನಿಧಿ’ ಕಾಲಂ ಖಾಲಿ ಬಿಡುವಂತಿಲ್ಲ.

ಕಾಲಂ ಬಗೆ ಆರಿಸುವಾಗಲೂ ಎಚ್ಚರ ಬೇಕು. ಮೊಬೈಲ್ ನಂಬರನ್ನು ‘ಇಂಟ್’ ಎಂದು ಇಡಬೇಡಿ. ಅದರ ಮಿತಿ 2147483647, ನಮ್ಮ ಹತ್ತಂಕಿಯ ನಂಬರುಗಳು ಅದನ್ನು ದಾಟುತ್ತವೆ. ‘ವಾರ್‌ಚಾರ್’ ಇರಲಿ. ಹಣಕ್ಕೆ ‘ಫ್ಲೋಟ್’ ಬೇಡ, ಪೈಸೆ ತಪ್ಪುತ್ತದೆ. ‘ಡೆಸಿಮಲ್’ ಬಳಸಿರಿ. ಕನ್ನಡ, ಉರ್ದು ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗದಿರಲು ‘ಯುಟಿಎಫ್8ಎಂಬಿ4’ ಆರಿಸಿರಿ.

4. ಡಿ’ಸೋಜ ಕಲಿಸಿದ ಪಾಠ

ಸದಕಾ ನಿಧಿಯಿಂದ ನೆರವು ಪಡೆದ ನೆರೆಮನೆಯ ಕ್ರೈಸ್ತ ಹುಡುಗಿಯ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದಾಗ ಪ್ರೋಗ್ರಾಂ ನಿಂತುಹೋಯಿತು. ಎಸ್‌ಕ್ಯೂಎಲ್‌ನಲ್ಲಿ ಅಕ್ಷರಗಳ ಸಾಲು ಉದ್ಧರಣ ಚಿಹ್ನೆಯಿಂದ ಮುಗಿಯುತ್ತದೆ. ‘ಡಿ’ ಬಳಿಕದ ಚಿಹ್ನೆಯನ್ನು ಕಂಡು ಹೆಸರು ಅಲ್ಲಿಗೇ ಮುಗಿಯಿತೆಂದು ಅದು ತಿಳಿಯಿತು. ಇದೇ ಸಂದಿಯಿಂದ ಕಿಡಿಗೇಡಿಗಳು ತಮ್ಮ ಆಜ್ಞೆಯನ್ನು ತೂರಿಸಬಹುದು, ಅದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ಆಜ್ಞೆಯನ್ನು ಮೊದಲು ಕಳುಹಿಸಿ, ಹೆಸರನ್ನು ಬೇರೆಯಾಗಿ ಕೊಡುವ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಇದಕ್ಕೆ ಪರಿಹಾರ. ಈ ಅಧ್ಯಾಯ ಬಿಟ್ಟು ಮುಂದೆ ಹೋಗಬೇಡಿ. ಬಡ ಕುಟುಂಬಗಳ ಆದಾಯ, ವಿಳಾಸ ನಮ್ಮ ಕೈಯಲ್ಲಿವೆ. ಅವು ಹೊರಬಿದ್ದರೆ ಅವರ ಮಾನ ಹೋಗುತ್ತದೆ.

5. ಓದುವ ಕ್ರಮ

ಉದಾಹರಣೆಗಳನ್ನು ಕೈಯಾರೆ ಟೈಪ್ ಮಾಡಿ. ನಡೆದ ಮೇಲೆ ಒಂದು ಸಾಲು ಬದಲಿಸಿ, ಏನು ಕೆಡುತ್ತದೆಂದು ನೋಡಿ. ಬಂದ ಎರರ್ ಮತ್ತು ಅದರ ಕಾರಣವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಕೊನೆಗೆ ನಿಮ್ಮದೇ ಕೆಲಸವೊಂದನ್ನು ಮಾಡಿ: ತಂದೆಯ ಅಂಗಡಿಯ ಉದ್ರಿ ಲೆಕ್ಕ, ಮದ್ರಸದ ಹಾಜರಿ, ಊರಿನ ಗ್ರಂಥಾಲಯದ ಪಟ್ಟಿ, ಯಾವುದಾದರೂ ಸರಿ. ಸಂದರ್ಶನದಲ್ಲಿ ತೋರಿಸಲು ಅದೇ ಸಾಕ್ಷಿ.

ಪೋಷಕರಲ್ಲಿ ಒಂದು ಮನವಿ. ಮಗಳು ಕಂಪ್ಯೂಟರ್ ಮುಂದೆ ಕೂತರೆ ಅದೂ ಓದೇ ಎಂದು ತಿಳಿಯಿರಿ. ದಿನಕ್ಕೆ ಒಂದು ಗಂಟೆ ಅವಳಿಗೆ ಬಿಟ್ಟುಕೊಡಿ.

ಅರ್ಜಿದಾರರ ಗಮನಕ್ಕೆ: ಈ ಸಲದಿಂದ ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ ಮತ್ತು ವರ್ಷ ಕಡ್ಡಾಯ. ಹೆಸರನ್ನು ಅಂಕಪಟ್ಟಿಯಲ್ಲಿರುವಂತೆಯೇ ಬರೆಯಿರಿ. ಅರ್ಜಿ ಕೊಟ್ಟಾಗ ಸಿಗುವ ವಿದ್ಯಾರ್ಥಿ ಸಂಖ್ಯೆಯನ್ನು ಜೋಪಾನವಾಗಿಡಿ. ಉತ್ತರ ಬಾರದಿದ್ದರೆ ಸಂಕೋಚಪಡದೆ ಬಂದು ಕೇಳಿರಿ. ಈ ಪಾಠದ ಪುಸ್ತಕಗಳು ಕಚೇರಿಯಲ್ಲಿ ಎರವಲು ಸಿಗುತ್ತವೆ. ಓದಿ ಮುಗಿಸಿದ ಪುಸ್ತಕವನ್ನು ಮುಂದಿನವರಿಗೆ ಕೊಡಲು ಬಯಸುವ ದಾನಿಗಳಿಗೂ ಸ್ವಾಗತ.

ನಮ್ಮ ಮಕ್ಕಳ ಜ್ಞಾನವನ್ನು ಅಲ್ಲಾಹನು ಹೆಚ್ಚಿಸಲಿ, ನಮ್ಮ ಲೆಕ್ಕವನ್ನು ಹಗುರಗೊಳಿಸಲಿ. ಆಮೀನ್.